ಒಂಬತ್ತು ವರ್ಷದ ಹುಡುಗನಿಗೆ 21.9 ಅಂದರೆ ‘ನಾರ್ಮಲ್’ ಅಲ್ಲ

ಮಕ್ಕಳ ಡಾಕ್ಟರ ಜೊತೆ ಪ್ರಶ್ನೋತ್ತರ

ಶಾಲೆಗಳಲ್ಲಿ ಆರೋಗ್ಯ ತಪಾಸಣೆ ಮುಗಿದು ಕಾರ್ಡುಗಳು ಮನೆ ಸೇರಿವೆ. ಹಾಗಾಗಿ ಈ ಸಲದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ್ದು: ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ನೋಡುವ ಅಂಕಿ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿಕೊಂಡಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಡಾಕ್ಟರಮ್ಮ, ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ಮಗನಿಗೆ 9 ವರ್ಷ, ಎತ್ತರ 130 ಸೆಂ.ಮೀ., ತೂಕ 37 ಕೆ.ಜಿ. ಮಗಳಿಗೆ 7 ವರ್ಷ, 118 ಸೆಂ.ಮೀ., 20.5 ಕೆ.ಜಿ. ಮೊಬೈಲಿನಲ್ಲಿ ಬಿಎಂಐ ಹಾಕಿ ನೋಡಿದೆ. ಮಗನದ್ದು 21.9, ಹಸಿರು ಬಣ್ಣದಲ್ಲಿ ‘ನಾರ್ಮಲ್’ ಅಂತ ಬಂತು. ಮಗಳದ್ದು 14.7, ಕೆಂಪು ಬಣ್ಣದಲ್ಲಿ ‘ತೂಕ ತೀರಾ ಕಮ್ಮಿ’ ಅಂತ ಬಂತು. ಅವತ್ತಿನಿಂದ ಅವಳಿಗೆ ದಿನಕ್ಕೆ ಎರಡು ಹೊತ್ತು ಮಾಲ್ಟ್ ಪುಡಿ ಹಾಕಿದ ಹಾಲು, ತುಪ್ಪ ಹಾಕಿ ಕಲಸಿದ ಬಾಳೆಹಣ್ಣು ಕೊಡುತ್ತಿದ್ದೇನೆ. ತಿನ್ನುವುದಿಲ್ಲ, ಅಳುತ್ತಾಳೆ. ನಮ್ಮತ್ತೆ ‘ಹೆಣ್ಣುಮಗು ಸೊರಗಿ ಹೋಗಿದೆ’ ಅಂತ ದಿನಾ ಹೇಳುತ್ತಾರೆ. ಇನ್ನೇನು ಕೊಡಲಿ?

ಉತ್ತರ: ಏನೂ ಹೆಚ್ಚಿಗೆ ಕೊಡಬೇಡಿ, ತಾಯಿ. ಮಗಳು ಆರೋಗ್ಯವಾಗಿದ್ದಾಳೆ. ನಾಳೆಯಿಂದ ಆ ಬಾಳೆಹಣ್ಣಿನ ಬಟ್ಟಲು ಹಿಡಿದು ಅವಳ ಹಿಂದೆ ಓಡುವುದು ನಿಲ್ಲಿಸಿ. ನೀವು ಯೋಚನೆ ಮಾಡಬೇಕಾದದ್ದು ಹಸಿರು ಬಣ್ಣ ಬಂದ ಮಗನ ಬಗ್ಗೆ.

ನೀವು ಮಾಡಿದ ಲೆಕ್ಕ ಸರಿಯಾಗಿಯೇ ಇದೆ. ತೂಕವನ್ನು ಕೆ.ಜಿ.ಯಲ್ಲಿ ಹಿಡಿದು, ಎತ್ತರವನ್ನು ಮೀಟರಿನಲ್ಲಿ ಬರೆದು ಅದನ್ನು ಅದರಿಂದಲೇ ಗುಣಿಸಿ ಭಾಗಿಸಬೇಕು. ಮಗಳದ್ದು 1.18ನ್ನು 1.18ರಿಂದ ಗುಣಿಸಿದರೆ 1.39, 20.5ನ್ನು ಅದರಿಂದ ಭಾಗಿಸಿದರೆ 14.7. ಮಗನದ್ದು 37ನ್ನು 1.69ರಿಂದ ಭಾಗಿಸಿದರೆ 21.9. ತಪ್ಪಿರುವುದು ಆಮೇಲೆ ಬಂದ ಬಣ್ಣದಲ್ಲಿ. ನಿಮ್ಮ ಮೊಬೈಲು ವಯಸ್ಸು ಕೇಳಲಿಲ್ಲ, ಗಂಡೋ ಹೆಣ್ಣೋ ಕೇಳಲಿಲ್ಲ. 18.5ರಿಂದ 25ರ ಒಳಗಿದ್ದರೆ ನಾರ್ಮಲ್ ಎನ್ನುವುದು ಬೆಳವಣಿಗೆ ಮುಗಿದ ದೊಡ್ಡವರ ಲೆಕ್ಕ. ಅದನ್ನು ತಂದು ಏಳು ವರ್ಷದ ಹುಡುಗಿಗೆ ಹಾಕಿದರೆ ನಮ್ಮೂರ ಶಾಲೆಯ ಒಂದು, ಎರಡನೇ ಕ್ಲಾಸಿನ ಬಹುತೇಕ ಮಕ್ಕಳಿಗೆ ಕೆಂಪು ಬಣ್ಣವೇ ಬರುತ್ತದೆ.

ಮಕ್ಕಳ ಬಿಎಂಐ ಒಂದೇ ಕಡೆ ನಿಲ್ಲುವುದಿಲ್ಲ. ಹಾಲು ಕುಡಿಯುವ ಕೂಸು ಮೊದಲ ವರ್ಷದಲ್ಲಿ ಉಂಡೆಯಾಗಿರುತ್ತದಲ್ಲ, ಆಗ 17ರ ಆಸುಪಾಸು ಇರುತ್ತದೆ. ನಡೆಯಲು, ಓಡಲು ಕಲಿತ ಮೇಲೆ ಇಳಿಯುತ್ತಾ ಬಂದು ಐದು ವರ್ಷಕ್ಕೆ 15ರ ಹತ್ತಿರ ಬರುತ್ತದೆ. ಪಕ್ಕೆಲುಬು ಕಾಣುವ, ಕಾಲು ಕಡ್ಡಿಯಂತಿರುವ, ಒಂದು ಗಳಿಗೆ ಕೂರದ ವಯಸ್ಸು ಅದು. ‘ಮಗು ಸೊರಗಿದೆ’ ಎಂದು ಅಜ್ಜಿಯರು ನನ್ನ ಹತ್ತಿರ ಕರೆದುಕೊಂಡು ಬರುವುದೂ ಹೆಚ್ಚಾಗಿ ಆ ವಯಸ್ಸಿನಲ್ಲೇ. ಆಮೇಲೆ ನಿಧಾನಕ್ಕೆ ಮತ್ತೆ ಏರುತ್ತಾ ಹತ್ತೊಂಬತ್ತಕ್ಕೆ 21, 22 ತಲುಪುತ್ತದೆ. ಆದ್ದರಿಂದ ಮಗುವಿನ ಬಿಎಂಐಯನ್ನು ಅದೇ ವಯಸ್ಸಿನ, ಅದೇ ಲಿಂಗದ ಮಕ್ಕಳ ಪಟ್ಟಿಯ ಪಕ್ಕದಲ್ಲಿಟ್ಟೇ ಓದಬೇಕು. 5ರಿಂದ 19 ವರ್ಷದವರಿಗೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಕೊಟ್ಟ ಪಟ್ಟಿ ಇದೆ. ಅದರ ಪ್ರಕಾರ ಏಳು ವರ್ಷದ ಹುಡುಗಿಯರ ಮಧ್ಯದ ಗೆರೆ, ಅಂದರೆ ಅರ್ಧ ಮಕ್ಕಳು ಮೇಲೆ, ಅರ್ಧ ಮಕ್ಕಳು ಕೆಳಗೆ ಇರುವ ಜಾಗ, 15.4. ತೆಳು ಅನ್ನಬೇಕಾದರೆ 12.7ಕ್ಕಿಂತ ಕೆಳಗೆ ಹೋಗಬೇಕು. ನಿಮ್ಮ ಮಗಳು 14.7, ಮಧ್ಯದ ಗೆರೆಯ ಪಕ್ಕದಲ್ಲೇ ಇದ್ದಾಳೆ.

ಒಂಬತ್ತು ವರ್ಷದ ಹುಡುಗರಿಗೆ ಮಧ್ಯದ ಗೆರೆ 16. 17.9 ದಾಟಿದರೆ ಹೆಚ್ಚು ತೂಕ, 20.5 ದಾಟಿದರೆ ಬೊಜ್ಜು. ನಿಮ್ಮ ಮಗ 21.9.

ಗಾಬರಿ ಆಗಬೇಡಿ, ಅವನನ್ನು ಉಪವಾಸವನ್ನೂ ಹಾಕಬೇಡಿ. ಮೊದಲು ನಾಲ್ಕು ವಿಷಯ ನೋಡಿ. ಕುತ್ತಿಗೆಯ ಹಿಂಭಾಗ, ಕಂಕುಳು ಕಪ್ಪಾಗಿ, ಮುಟ್ಟಿದರೆ ದಪ್ಪ ಬಟ್ಟೆಯ ಹಾಗೆ ಒರಟಾಗಿದೆಯೇ? ಎಷ್ಟು ತಿಕ್ಕಿ ತೊಳೆದರೂ ಹೋಗದಿದ್ದರೆ ಅದು ಕೊಳೆಯಲ್ಲ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಗುರುತು. ಪಾಪ, ಅದನ್ನು ಕೊಳೆ ಅಂದುಕೊಂಡು ಮಕ್ಕಳ ಕುತ್ತಿಗೆಯನ್ನು ಕೆಂಪಾಗುವವರೆಗೆ ತಿಕ್ಕುವ ತಾಯಂದಿರಿದ್ದಾರೆ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾನೆಯೇ, ನಡುನಡುವೆ ಉಸಿರು ಕಟ್ಟಿದಂತೆ ಆಗುತ್ತದೆಯೇ? ಮಂಡಿ, ಸೊಂಟದ ಕೀಲು ನೋವು ಅನ್ನುತ್ತಾನೆಯೇ? ಮನೆಯಲ್ಲಿ ಹತ್ತಿರದವರಿಗೆ ಸಕ್ಕರೆ ಕಾಯಿಲೆ ಇದೆಯೇ? ಇವು ಇರಲಿ, ಇಲ್ಲದಿರಲಿ, ಒಂದು ಸಲ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಿ.ಪಿ. ನೋಡಿಸಿ, ಅವರು ಹೇಳಿದರೆ ರಕ್ತ ಪರೀಕ್ಷೆ ಮಾಡಿಸಿ. ಹಿಂದಿನ ವರ್ಷಗಳ ಶಾಲಾ ಕಾರ್ಡು, ಸಿಕ್ಕರೆ ತಾಯಿ ಕಾರ್ಡು, ಎಲ್ಲಾ ಒಯ್ಯಿರಿ. ಒಂದು ದಿನದ ಅಂಕಿಗಿಂತ ವರ್ಷದಿಂದ ವರ್ಷಕ್ಕೆ ಗೆರೆ ಯಾವ ಕಡೆ ಹೋಗಿದೆ ಅನ್ನುವುದು ನಮಗೆ ಹೆಚ್ಚು ಹೇಳುತ್ತದೆ. ‘ಥೈರಾಯ್ಡ್ ಇರಬಹುದಾ’ ಎಂದು ಬಹಳ ಜನ ಕೇಳುತ್ತಾರೆ. ಹಾರ್ಮೋನಿನ ತೊಂದರೆಯಿಂದ ದಪ್ಪಗಾಗುವ ಮಗು ಸಾಮಾನ್ಯವಾಗಿ ಎತ್ತರ ಬೆಳೆಯುವುದಿಲ್ಲ. ವರ್ಷಕ್ಕೆ 5, 6 ಸೆಂ.ಮೀ. ಬೆಳೆಯುತ್ತಿದ್ದರೆ ಆ ಸಂಶಯ ಬಹಳ ಕಮ್ಮಿ.

ಈಗ ಸಮಾಧಾನದ ಮಾತು. ಈ ವಯಸ್ಸಿನ ಹೆಚ್ಚಿನ ಮಕ್ಕಳಲ್ಲಿ ನಾವು ತೂಕ ಇಳಿಸಲು ಹೋಗುವುದಿಲ್ಲ, ಏರುವುದನ್ನು ನಿಲ್ಲಿಸುತ್ತೇವೆ. ನಿಮ್ಮ ಮಗ 37 ಕೆ.ಜಿ.ಯಲ್ಲೇ ಎರಡು ವರ್ಷ ನಿಂತ ಅಂದುಕೊಳ್ಳಿ. ಅಷ್ಟರಲ್ಲಿ ಅವನು 141 ಸೆಂ.ಮೀ. ಆಗಿರುತ್ತಾನೆ. ಆಗ ಬಿಎಂಐ 18.6. ಹನ್ನೊಂದು ವರ್ಷದ ಹುಡುಗನಿಗೆ ಹೆಚ್ಚು ತೂಕದ ಗಡಿ 19.2. ಒಂದು ಕೆ.ಜಿ.ಯೂ ಇಳಿಸದೆ ಗಡಿಯೊಳಗೆ ಬಂದ! ಅಷ್ಟು ಕಟ್ಟುನಿಟ್ಟಾಗಿ ನಿಲ್ಲದೆ ಮೂರು ಕೆ.ಜಿ. ಏರಿದರೂ 20.1, ಬೊಜ್ಜಿನ ಗೆರೆಯಿಂದ ಕೆಳಗೇ. ಬೆಳೆಯುವ ಮಕ್ಕಳಿಗೆ ಇರುವ ಈ ಅನುಕೂಲ ನಿಮಗೂ ಇಲ್ಲ, ನನಗೂ ಇಲ್ಲ.

ಏನು ಬಿಡಿಸಬೇಕು? ನೀವು ಪತ್ರದ ಕೊನೆಯಲ್ಲಿ ಅವನ ದಿನಚರಿ ಬರೆದದ್ದು ಒಳ್ಳೆಯದಾಯಿತು. ಬೆಳಗ್ಗೆ ಅಕ್ಕಿ ರೊಟ್ಟಿ, ಕಡುಬು, ಇವನ್ನು ನಾನು ಬಿಡಿಸುವುದಿಲ್ಲ. ಆದರೆ ನಾಲ್ಕು ಕಡುಬಿಗೆ ಒಂದು ಚಮಚ ಚಟ್ನಿ ಅನ್ನುವುದನ್ನು ತಿರುಗಿಸಿ: ಎರಡು ಕಡುಬು, ಬಟ್ಟಲು ತುಂಬ ಹೆಸರುಕಾಳಿನ ಗಸಿಯೋ, ಮೊಟ್ಟೆಯೋ, ಸೊಪ್ಪಿನ ಸಾಸಿವೆಯೋ. ಸಂಜೆ ಬಸ್ ಸ್ಟ್ಯಾಂಡಿನ ಬೇಕರಿಯ ಪಫ್, ಕೂಲ್ ಡ್ರಿಂಕ್ಸ್ ನಿಲ್ಲಿಸಿ. ಮೂರು ಹೊತ್ತಿನ ಸಿಹಿ ಕಾಫಿ, ಮಾಲ್ಟ್ ಪುಡಿ ಎರಡನ್ನೂ ನಿಲ್ಲಿಸಿ. ಆ ಪುಡಿಗಳಲ್ಲಿ ಎಷ್ಟು ಸಕ್ಕರೆ ಇದೆ ಎಂದು ಡಬ್ಬಿಯ ಹಿಂದೆ ಬರೆದಿರುತ್ತದೆ, ಕನ್ನಡಕ ಹಾಕಿಕೊಂಡು ಓದಿ. ಮಗಳಿಗೂ ಅದು ಬೇಡ, ಬರೀ ಹಾಲು ಸಾಕು. ಹಲಸಿನ ಚಿಪ್ಸಿನ ಡಬ್ಬಿ ಕೈಗೆ ಸಿಗುವ ಕಡೆ ಇಟ್ಟು ‘ತಿನ್ನಬೇಡ’ ಅನ್ನುವುದು ಮಗುವಿಗೆ ಮಾಡುವ ಅನ್ಯಾಯ. ಅಟ್ಟದ ಮೇಲಿಡಿ, ಹಬ್ಬಕ್ಕೆ ಇಳಿಸಿ.

ಆಟದ ವಿಷಯದಲ್ಲಿ ನಮ್ಮ ಕಡೆಯ ಕಷ್ಟ ನನಗೆ ಗೊತ್ತು. ಜೂನ್ ಬಂತೆಂದರೆ ನಾಲ್ಕು ತಿಂಗಳು ಹೊರಗೆ ಕಾಲಿಡಲು ಆಗುವುದಿಲ್ಲ, ಇಂಬಳ ಬೇರೆ. ಮಕ್ಕಳ ತೂಕ ಏರುವುದು ಹೆಚ್ಚಾಗಿ ಈ ಮಳೆಗಾಲದಲ್ಲೇ ಎಂದು ನನ್ನ ಕ್ಲಿನಿಕ್ಕಿನ ಅನುಭವ. ಜಗುಲಿಯಲ್ಲಿ ಹಗ್ಗದಾಟ, ಕುಂಟೆಬಿಲ್ಲೆ, ಅಡಿಕೆ ಚಪ್ಪರದ ಕೆಳಗೆ ಜಾಗವಿದ್ದರೆ ಶಟಲ್. ದಿನಕ್ಕೆ ಒಂದು ಗಂಟೆ ಮೈ ಬೆವರಬೇಕು, ಒಂದೇ ಸಲ ಆಗಬೇಕೆಂದಿಲ್ಲ. ಮಳೆ ಬಿಟ್ಟ ತಿಂಗಳುಗಳಲ್ಲಿ ಅವರಪ್ಪ ಬೈಕಿನಲ್ಲಿ ಶಾಲೆ ಬಾಗಿಲಿಗೆ ಬಿಡುವುದು ಬೇಡ, ನಡೆಯಲಿ.

ಇನ್ನೊಂದು, ಇದು ಬಹಳ ಮುಖ್ಯ. ಈ ಬದಲಾವಣೆ ಇಡೀ ಮನೆಗೆ. ತಂಗಿಗೆ ಪಫ್ ಕೊಟ್ಟು ಅವನ ಮುಂದೆ ಸೌತೆಕಾಯಿ ಇಡಬೇಡಿ. ‘ಗುಂಡ’, ‘ದಡಿಯ’ ಎಂದು ಮುದ್ದಿಗೂ ಯಾರೂ ಕರೆಯಬಾರದು. ನೆಂಟರು ಬಂದಾಗಲಂತೂ ನೀವೇ ಅಡ್ಡ ನಿಲ್ಲಿ. ಅವನೆದುರು ತೂಕದ ಮಾತು ಬೇಡ. ಆರು ತಿಂಗಳಿಗೊಮ್ಮೆ ಅಳೆದರೆ ಸಾಕು.

ಪ್ರಶ್ನೆ: ಭದ್ರಾವತಿಯಿಂದ ಬರೆಯುತ್ತಿದ್ದೇನೆ. 12 ವರ್ಷದ ಮಗಳ ಬಿಎಂಐ ನೋಡಿ ಒಬ್ಬ ಡಾಕ್ಟರು ‘ಸರಿ ಇದೆ’ ಅಂದರು. ಇನ್ನೊಬ್ಬರು ಬೇರೆ ಚಾರ್ಟ್ ತೆಗೆದು ‘ಗಡಿ ದಾಟಿದೆ’ ಅಂದರು. ಯಾರನ್ನು ನಂಬಬೇಕು?

ಉತ್ತರ: ಇಬ್ಬರೂ ಸುಳ್ಳು ಹೇಳಿಲ್ಲ. ಮೊದಲನೆಯವರು ಬಹುಶಃ ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟ್ ನೋಡಿದ್ದಾರೆ, ಎರಡನೆಯವರು ಭಾರತೀಯ ಮಕ್ಕಳ ವೈದ್ಯರ ಸಂಘ ಐಎಪಿ 2015ರಲ್ಲಿ ತಂದ ಚಾರ್ಟ್ ನೋಡಿದ್ದಾರೆ. ನಮ್ಮ ದೇಶದ 5ರಿಂದ 18 ವರ್ಷದ ಮಕ್ಕಳಿಗಾಗಿಯೇ ಮಾಡಿದ ಚಾರ್ಟ್ ಅದು. ಅದರಲ್ಲಿ ಎರಡು ಎಚ್ಚರಿಕೆಯ ಗೆರೆಗಳಿವೆ. ಈ ವೇಗದಲ್ಲೇ ಬೆಳೆದರೆ ದೊಡ್ಡವರಾದ ಮೇಲೆ ಬಿಎಂಐ 23 ಮುಟ್ಟುವವರ ಗೆರೆ ಒಂದು, 27 ಮುಟ್ಟುವವರದ್ದು ಇನ್ನೊಂದು. ಹುಡುಗಿಯರಲ್ಲಿ ಮೊದಲ ಗೆರೆ 75ನೇ ಪರ್ಸೆಂಟೈಲಿನಲ್ಲಿ ಬರುತ್ತದೆ. ಅಂದರೆ ಒಂದೇ ವಯಸ್ಸಿನ ನೂರು ಹುಡುಗಿಯರನ್ನು ಬಿಎಂಐ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಕೆಳಗಿನಿಂದ 75ನೆಯವಳ ಜಾಗ. ವಿಶ್ವ ಆರೋಗ್ಯ ಸಂಸ್ಥೆಯ ಗಡಿ ಬರುವುದು ಸುಮಾರು 84ನೆಯವಳ ಹತ್ತಿರ.

ನಮ್ಮವರಿಗೆ ಗೆರೆ ಯಾಕೆ ಕೆಳಗೆ? 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯ ವಿಜ್ಞಾನಿಗಳು ತಮ್ಮದೇ ಫೋಟೊ ಪಕ್ಕಪಕ್ಕ ಹಾಕಿಕೊಂಡಿದ್ದರು: ಪುಣೆಯ ಡಾ. ಯಾಜ್ಞಿಕ್, ಬ್ರಿಟನ್ನಿನ ಡಾ. ಯುಡ್ಕಿನ್. ಇಬ್ಬರ ಬಿಎಂಐಯೂ 22.3. ಮೈಯ ಕೊಬ್ಬು ಅಳೆದಾಗ ಯುಡ್ಕಿನ್ ಅವರದ್ದು ಶೇ. 9.1, ಯಾಜ್ಞಿಕ್ ಅವರದ್ದು ಶೇ. 21.2! ತೂಕ, ಎತ್ತರ ಒಂದೇ ಲೆಕ್ಕಕ್ಕೆ ಬಂದರೂ ನಮ್ಮವರ ಮೈಯಲ್ಲಿ ಕೊಬ್ಬು ಹೆಚ್ಚು, ಸ್ನಾಯು ಕಮ್ಮಿ. ಸಕ್ಕರೆ ಕಾಯಿಲೆ ನಮ್ಮಲ್ಲಿ ಬೇಗ ಬರುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಕ್ಲಿನಿಕ್ಕಿನಲ್ಲಿ ನಾನು ಐಎಪಿ ಚಾರ್ಟನ್ನೇ ಬಳಸುತ್ತೇನೆ; ಈ ಪುಟದ ಉತ್ತರಗಳಲ್ಲಿ ಕೊಟ್ಟ ಗಡಿಗಳು ಮಾತ್ರ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯವು.

ಆದರೆ ನಿಮ್ಮ ಮಗಳಿಗೆ ಹನ್ನೆರಡು. ಮೈನೆರೆಯುವ ಆಸುಪಾಸಿನಲ್ಲಿ ಹುಡುಗಿಯರ ಮೈಯಲ್ಲಿ ಕೊಬ್ಬು ಸೇರುವುದು ಸಹಜ. ಗೆರೆಯ ಮೇಲೆ ಸ್ವಲ್ಪ ಇದ್ದ ಮಾತ್ರಕ್ಕೆ ಡಯಟ್ ಬೇಡ. ಆರು ತಿಂಗಳ ನಂತರ ಮತ್ತೆ ಅಳೆಸಿ. ಗೆರೆಗೆ ಸಮನಾಗಿಯೇ ಸಾಗುತ್ತಿದ್ದರೆ ನೋಡುತ್ತಿರೋಣ. ಗೆರೆ ದಾಟಿ ದಾಟಿ ಮೇಲೆ ಹೋಗುತ್ತಿದ್ದರೆ ಬನ್ನಿ.

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಪ್ರೌಢಶಾಲೆಯ ದೈಹಿಕ ಶಿಕ್ಷಕ. ನಮ್ಮ ಕಬಡ್ಡಿ ತಂಡದ ಹುಡುಗ, 15 ವರ್ಷ, 168 ಸೆಂ.ಮೀ., 68 ಕೆ.ಜಿ. ಕಾರ್ಡಿನಲ್ಲಿ ‘ಹೆಚ್ಚು ತೂಕ’ ಎಂದು ಬಂದಿದೆ. ಕಲ್ಲಿನಂಥ ಮೈ ಅವನದು. ಜೊತೆಗೆ, ಮಕ್ಕಳನ್ನು ನಾವೇ ಅಳೆಯಬೇಕಾದಾಗ ಏನು ನೋಡಿಕೊಳ್ಳಬೇಕು?

ಉತ್ತರ: ಮೇಷ್ಟ್ರೇ, ಅವನ ಬಿಎಂಐ 24.1. ಆ ವಯಸ್ಸಿನ ಗಡಿ 22.7, ಕಾರ್ಡು ಲೆಕ್ಕದಂತೆ ಬರೆದಿದೆ. ಆದರೆ ಬಿಎಂಐಗೆ ಸ್ನಾಯು ಯಾವುದು, ಕೊಬ್ಬು ಯಾವುದು ಗೊತ್ತಾಗುವುದಿಲ್ಲ. ಒಂದು ಟೇಪ್ ತಂದು ಸೊಂಟದ ಸುತ್ತಳತೆ ತೆಗೆಯಿರಿ. ಎತ್ತರದ ಅರ್ಧಕ್ಕಿಂತ, ಅಂದರೆ 84 ಸೆಂ.ಮೀ.ಗಿಂತ ಕಮ್ಮಿ ಇದ್ದು, ಬಿ.ಪಿ.ಯೂ ಸರಿಯಿದ್ದರೆ ಆಡಿಸಿ.

ಅಳತೆಯ ಬಗ್ಗೆ ಕೇಳಿದ್ದು ನನಗೆ ತುಂಬ ಸಂತೋಷವಾಯಿತು. ಎತ್ತರವನ್ನು ಎರಡು ಬಾರಿ ಗುಣಿಸುವುದರಿಂದ ಅಲ್ಲಿ ಆದ ಸಣ್ಣ ತಪ್ಪೂ ದೊಡ್ಡದಾಗುತ್ತದೆ. 130 ಸೆಂ.ಮೀ. ಮಗುವನ್ನು 128 ಎಂದು ಬರೆದರೆ 37 ಕೆ.ಜಿ.ಗೆ ಬಿಎಂಐ 21.9ರಿಂದ 22.6ಕ್ಕೆ ಹಾರುತ್ತದೆ. ಗೋಡೆಗೆ ಅಂಟಿಸಿದ ಜಿರಾಫೆ ಚಿತ್ರದ ಪ್ಲಾಸ್ಟಿಕ್ ಟೇಪು ಇರುತ್ತದಲ್ಲ, ಮೊದಲು ಅದರ ಬುಡಕ್ಕೆ ಒಂದು ಸ್ಕೇಲ್ ಇಟ್ಟು ನೋಡಿ. ಎಷ್ಟೋ ಕಡೆ ನೆಲದ ಅಂಚಿನ ಟೈಲ್ಸ್ ಬಿಟ್ಟು ಅದರ ಮೇಲಿನಿಂದ ಅಂಟಿಸಿರುತ್ತಾರೆ, ಸೊನ್ನೆ ಇರಬೇಕಾದ ಕಡೆ ನೆಲ ಇರುವುದಿಲ್ಲ. ಶೂ ಬಿಚ್ಚಿಸಿ. ಹುಡುಗಿಯರ ತುರುಬು, ಕ್ಲಿಪ್ಪು, ಹೂವು ತೆಗೆಸಿ. ಹಿಮ್ಮಡಿ, ಕುಂಡೆ, ಭುಜ ಗೋಡೆಗೆ ತಾಗಲಿ. ಗಲ್ಲ ಎತ್ತಬಾರದು, ಕಣ್ಣಿನ ಕೆಳ ಅಂಚು, ಕಿವಿಯ ತೂತು ಒಂದೇ ಮಟ್ಟದಲ್ಲಿರಬೇಕು. ತಲೆಯ ಮೇಲೆ ಕೈ ಇಟ್ಟು ಅಂದಾಜು ಹೊಡೆಯಬೇಡಿ, ಮೂಲೆಮಟ್ಟ ಅಥವಾ ದಪ್ಪ ರಟ್ಟಿನ ಪುಸ್ತಕವನ್ನು ಗೋಡೆಗೆ ಒತ್ತಿ ಇಡಿ. ತೂಕದ ಯಂತ್ರ ಚಾಪೆ, ಜಮಖಾನದ ಮೇಲೆ ಬೇಡ, ಗಟ್ಟಿ ನೆಲದ ಮೇಲಿರಲಿ. ಮಳೆಗಾಲದಲ್ಲಿ ಒದ್ದೆ ಸ್ವೆಟರು, ರೇನ್‌ಕೋಟು, ಬ್ಯಾಗು ಕೆಳಗಿಡಿಸಿ.

ಒಂದು ಕೋರಿಕೆ. ಅಂಕಿಯನ್ನು ಕ್ಲಾಸಿನೆದುರು ಕೂಗಿ ಬರೆಸಬೇಡಿ. ಒಬ್ಬೊಬ್ಬರನ್ನೇ ಒಳಗೆ ಕರೆದು, ಅಳೆದು, ಚೀಟಿ ಮಡಚಿ ಕೊಡಿ.

ಪ್ರಶ್ನೆ: ತೀರ್ಥಹಳ್ಳಿ ಕಡೆಯವನು, ವಯಸ್ಸಾದವನು. ಮೊಮ್ಮಗನಿಗೆ 14. ಎತ್ತರ 146, ತೂಕ 32. ಶಾಲೆಯವರು ‘ತೆಳು’ ಎಂದು ಬರೆದಿದ್ದಾರೆ. ನಮ್ಮ ಮನೆತನವೇ ಹೀಗೆ, ಇವನಪ್ಪನೂ ಪಿಯುಸಿಯಲ್ಲಿ ಉದ್ದ ಆದದ್ದು. ಆಸ್ಪತ್ರೆಗೆ ಹೋಗಲೇಬೇಕೇ?

ಉತ್ತರ: ಅಜ್ಜಯ್ಯನವರೇ, ನೀವು ಹೇಳಿದ್ದು ನಿಜವೂ ಇರಬಹುದು. ಅಪ್ಪ ತಡವಾಗಿ ಬೆಳೆದಿದ್ದರೆ ಮಗನೂ ತಡವಾಗಿ ಬೆಳೆಯುವುದು ಉಂಟು. ಆದರೆ ಅದನ್ನು ಪರೀಕ್ಷೆ ಮಾಡಿದ ಮೇಲೆ ಹೇಳಬೇಕು, ಮೊದಲೇ ಅಲ್ಲ. ಹುಡುಗನ ಬಿಎಂಐ 15; ಆ ವಯಸ್ಸಿಗೆ ಕೆಳಗಿನ ಗಡಿ 15.5. ಎತ್ತರವೂ ಕೆಳಗಿನ ಗೆರೆಗಿಂತ ತುಸು ಕಮ್ಮಿ ಇದೆ. ಎರಡೂ ಕೆಳಗಿರುವಾಗ ಸುಮ್ಮನೆ ಕೂರುವುದು ಸರಿಯಲ್ಲ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವ ಮಕ್ಕಳಿಗೆ ಕೊಕ್ಕೆಹುಳು ಅಂಟಿ ರಕ್ತ ಹೀರುವುದು ನಮ್ಮ ಕಡೆ ಇನ್ನೂ ಇದೆ. ರಕ್ತಹೀನತೆ, ಥೈರಾಯ್ಡ್, ಬಿಡದ ಕೆಮ್ಮು ಜ್ವರವಿದ್ದರೆ ಕ್ಷಯ, ಇಷ್ಟನ್ನು ನೋಡಿಸಿ. ಎಡಗೈಯ ಎಕ್ಸ್-ರೇ ತೆಗೆದರೆ ಮೂಳೆಯ ವಯಸ್ಸು ಗೊತ್ತಾಗುತ್ತದೆ, ಇನ್ನೂ ಎಷ್ಟು ಬೆಳೆಯಲು ಬಾಕಿ ಇದೆ ಎಂದು ಆಗ ಹೇಳಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಶುರು ಮಾಡಿ. ಅವರು ಬೇಕೆಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರೆದುಕೊಡುತ್ತಾರೆ.

ಬಿಎಂಐ ಅಂದರೆ ದಪ್ಪ ಮಕ್ಕಳ ವಿಷಯ ಎಂದು ಜನ ತಿಳಿದಿದ್ದಾರೆ. 2016–18ರಲ್ಲಿ ದೇಶದಾದ್ಯಂತ ಮಾಡಿದ ಮಕ್ಕಳ ಪೌಷ್ಟಿಕತೆಯ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರ ಪೈಕಿ ಶೇ. 24 ಮಕ್ಕಳು ತೆಳುವಾಗಿದ್ದರು, ಹೆಚ್ಚು ತೂಕದವರು ಶೇ. 5. ಶಾಲೆಯವರು ಬರೆದದ್ದನ್ನು ತಳ್ಳಿಹಾಕಬೇಡಿ.

ಪ್ರಶ್ನೆ: ನನಗೆ 15 ವರ್ಷ. ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೇನೆ. 154 ಸೆಂ.ಮೀ., 47 ಕೆ.ಜಿ. ರೂಮಿನವರು ನನ್ನ ತೊಡೆ ದಪ್ಪ ಅಂತ ಆಡಿಕೊಳ್ಳುತ್ತಾರೆ. ಬೆಳಗಿನ ತಿಂಡಿ ಬಿಟ್ಟಿದ್ದೇನೆ, ಬಿಸಿನೀರಿಗೆ ನಿಂಬೆ, ಜೇನುತುಪ್ಪ ಹಾಕಿ ಕುಡಿಯುತ್ತೇನೆ. ಪ್ರಾರ್ಥನೆಗೆ ನಿಂತಾಗ ಕಣ್ಣು ಕತ್ತಲೆ ಬರುತ್ತದೆ. ಮೂರು ತಿಂಗಳಿಂದ ಮುಟ್ಟಾಗಿಲ್ಲ. ಅಮ್ಮನಿಗೆ ಹೇಳಿಲ್ಲ. ನನ್ನ ಬಿಎಂಐ ಎಷ್ಟಿರಬೇಕು?

ಉತ್ತರ: ಪುಟ್ಟಾ, ಎಷ್ಟಿರಬೇಕೋ ಅಷ್ಟೇ ಇದೆ. ನಿನ್ನದು 19.8. ನಿನ್ನ ವಯಸ್ಸಿನ ಹುಡುಗಿಯರ ಮಧ್ಯದ ಗೆರೆ 20.2. ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟಿನಲ್ಲೂ ನಮ್ಮ ದೇಶದ ಚಾರ್ಟಿನಲ್ಲೂ ನೀನು ಆರೋಗ್ಯವಂತರ ಸಾಲಿನಲ್ಲೇ ಇದ್ದೀಯ. ಇಳಿಸಬೇಕಾದದ್ದು ಒಂದು ಗ್ರಾಮೂ ಇಲ್ಲ.

ತೊಡೆ, ಸೊಂಟ ತುಂಬಿಕೊಳ್ಳುವುದು ದೊಡ್ಡವಳಾಗುವ ಮೈಯ ಕೆಲಸ. ಅಲ್ಲಿ ಸೇರುವ ಕೊಬ್ಬು ಮುಟ್ಟು ಕ್ರಮವಾಗಿ ನಡೆಯಲು ಬೇಕು. ಊಟ ಕಮ್ಮಿಯಾದರೆ ಮೈ ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಮುಟ್ಟೂ ಒಂದು. ಥೈರಾಯ್ಡ್, ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆ, ಇಂಥ ಬೇರೆ ಕಾರಣಗಳೂ ಇರಬಹುದು, ಅದನ್ನು ಡಾಕ್ಟರು ನೋಡಿಯೇ ಹೇಳಬೇಕು. ಕಣ್ಣು ಕತ್ತಲೆ ಬರುವುದು ರಕ್ತ ಕಮ್ಮಿಯಿಂದಲೂ ಇರಬಹುದು, ಹಿಮೋಗ್ಲೋಬಿನ್ ನೋಡಿಸಲೇಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಎಸೆಯುತ್ತಿದ್ದರೆ ಇನ್ನು ಎಸೆಯಬೇಡ, ಊಟವಾದ ಮೇಲೆ ನುಂಗು.

ನೀನು ನನಗೆ ಬರೆದ ಧೈರ್ಯವನ್ನೇ ಇನ್ನೊಂದು ಸಲ ಮಾಡು. ಈ ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ಮುಟ್ಟಿನ ವಿಷಯ ಹೇಳು, ಅಷ್ಟು ಹೇಳಿದರೂ ಸಾಕು. ಅಮ್ಮನಿಗೆ ಹೇಳಲು ಆಗದಿದ್ದರೆ ವಾರ್ಡನ್ನಿಗೆ, ಇಲ್ಲವೇ ನಿನಗೆ ಹತ್ತಿರವಾದ ಟೀಚರಿಗೆ ಹೇಳು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇದೆ, ಅಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ. ಊಟ ಎಂದರೆ ಹೆದರಿಕೆ, ಉಂಡ ಮೇಲೆ ತಪ್ಪು ಮಾಡಿದೆ ಅನ್ನಿಸುವುದು, ವಾಂತಿ ಮಾಡಬೇಕೆನ್ನಿಸುವುದು, ಇದೆಲ್ಲ ಇದ್ದರೆ 14416ಕ್ಕೆ ಕರೆ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಣ ಕಟ್ಟಬೇಕಿಲ್ಲ, ಯಾವ ಹೊತ್ತಿಗಾದರೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ನಾಳೆ ಬೆಳಗ್ಗೆ ಮೆಸ್ಸಿನಲ್ಲಿ ಏನು ಮಾಡಿರುತ್ತಾರೋ, ಉಪ್ಪಿಟ್ಟೋ, ಚಿತ್ರಾನ್ನವೋ, ಎಲ್ಲರ ಜೊತೆ ಕೂತು ತಿನ್ನು. ಮೊಟ್ಟೆ ತಿನ್ನುವವಳಾದರೆ ಒಂದು ಮೊಟ್ಟೆ, ಇಲ್ಲದಿದ್ದರೆ ನೆನೆಸಿದ ಕಡಲೆಕಾಳು, ಒಂದು ಲೋಟ ಹಾಲು. ತೂಕ ನೋಡುವುದನ್ನು ಸದ್ಯ ಬಿಟ್ಟುಬಿಡು. ಡಾಕ್ಟರನ್ನು ಕಂಡು ಬಂದ ಮೇಲೆ ಅವರು ಏನು ಹೇಳಿದರು ಎಂದು ನನಗೆ ಬರೆ. ಪತ್ರಿಕೆಯಲ್ಲಿ ಹಾಕುವುದಿಲ್ಲ, ನಿನಗೇ ಉತ್ತರ ಬರೆಯುತ್ತೇನೆ.